ನಾಲ್ಕು ಬೆರಳು ಹೆಚ್ಚು

"ನಮ್ಮ ಎಂಬಿಎ ಕ್ಲಾಸಿನ್ಯಾಗ ಅಂಗಡಿ ಕೆಲಸಕ್ಕ ಒಬ್ಬನೂ ಕೈ ಎತ್ತಲಿಲ್ಲ. ಅದೇನಿದ್ರೂ ಓದಲಾರದವ್ರಿಗೆ," ಎಂದು ಶರಣ ಹೇಳಿ ಮುಗಿಸುವುದರೊಳಗೆ ಅಪ್ಪ ಸಂಗಯ್ಯನ ಬಟ್ಟೆ ಅಳೆಯುವ ಮೀಟರ್ ಕೋಲು ಅವನ ಎಡ ಹೆಗಲಿಗೆ ಬಿದ್ದು ಎರಡು ತುಂಡಾಯಿತು. ಅಪ್ಪನ ಕೈಯಲ್ಲುಳಿದ ತುಂಡು ಮಗನ ತುಟಿ ಒಡೆಯಿತು. ಶರಣ ಅಪ್ಪನ ಕೊರಳಪಟ್ಟಿ ಹಿಡಿದು, ಬಟ್ಟೆಯ ಥಾನುಗಳಿಗೆ ಒತ್ತಿ, ಮುಷ್ಟಿ ಎತ್ತಿದ.

"ಲಂಗಕ್ಕೆ ಎರಡು ಮೀಟರ್ ಬಟ್ಟೆ ಬೇಕಾಗಿತ್ತು." ಸಿದ್ದಾಪುರದ ಬಸ್ಸಿಳಿದು ಬಂದ ಮುದುಕಿಯೊಬ್ಬಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

"ಬರ್ರಿ ಅವ್ವಾರ, ಯಾವ ಬಣ್ಣ ತೋರಸ್ಲಿ?" ಅದು ತನ್ನದೇ ದನಿ ಎಂದು ಶರಣನಿಗೆ ತಿಳಿದದ್ದು ಮುಷ್ಟಿ ಬಿಚ್ಚಿದ ಮೇಲೆ. ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು ಥಾನು ಬಿಚ್ಚಿದ. ಕೋಲು ಮುರಿದಿದ್ದರಿಂದ, ಏಟು ತಿಂದ ಎಡ ಹೆಗಲಿನಿಂದ ಚಾಚಿದ ಬಲಗೈಯ ತುದಿಯವರೆಗೆ ಒಂದು ಮೀಟರಿನ ಲೆಕ್ಕದಲ್ಲಿ ಎರಡು ಸಲ ಅಳೆದ. ಆಮೇಲೆ, ಅಪ್ಪ ಮೂವತ್ತು ವರ್ಷ ಮಾಡುತ್ತ ಬಂದಂತೆಯೇ, ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿ ಹಾಕಿದ.