ಶಿಫಾರಸು ಪತ್ರದ ಕಪ್ಪೆ

ಬೇಸಿಗೆ ರಜೆಯಲ್ಲಿ ವೈದ್ಯಕೀಯ ಸಂಶೋಧನೆ ಕಲಿಯಲು ಇದ್ದದ್ದು ಒಂದೇ ಸೀಟು, ಬಂದದ್ದು ನಲವತ್ತೊಂದು ಅರ್ಜಿ. ಬಿಎಸ್ಸಿ ಎರಡನೇ ವರ್ಷದ ರಮಿತಾ ಸಂದರ್ಶನಕ್ಕೆ ಕೂತಾಗ ವಿಜ್ಞಾನಿ ಮೇಡಂ ಅವಳ ಶಿಫಾರಸು ಪತ್ರವನ್ನೇ ಓದುತ್ತಿದ್ದರು.

‘ಇದನ್ನ ಬರೆದೋರು ಯಾರಮ್ಮ?’

‘ನಮ್ಮ ಜುವಾಲಜಿ ಸರ್, ಮೇಡಂ.’

‘“ಕಪ್ಪೆ ಕೊಯ್ಯುವಾಗ ಇವಳ ಕೈ ಒಮ್ಮೆಯೂ ನಡುಗಲಿಲ್ಲ” ಅಂತಿದೆ. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯೋದು ನಿಂತು ಹತ್ತು ವರ್ಷ ದಾಟಿತು. ನೀನು ಕೊಯ್ದದ್ದು ಯಾವ ಕಪ್ಪೆ?’

ರಮಿತಾಳಿಗೆ ಸೀಟಂತೂ ಕೈತಪ್ಪಿತು, ನಿಜವನ್ನಾದರೂ ಹೇಳಿಬಿಡೋಣ ಎನ್ನಿಸಿತು.

‘“ನೀವೇ ಬರ್ಕೊಂಡ್ ಬನ್ನಿ, ಸೈನ್ ಹಾಕ್ತೀನಿ” ಅಂತಾರೆ ಸರ್. ಇದು ಸೀನಿಯರ್ ಅಕ್ಕ ಕೊಟ್ಟ ಪತ್ರ. ಅವ್ರಿಗೆ ಅವ್ರ ಸೀನಿಯರ್ ಕೊಟ್ಟಿದ್ರಂತೆ. ನಾನು ಹೆಸರು ಮಾತ್ರ ಬದಲಾಯಿಸ್ದೆ.’

‘ಸೈನ್ ಹಾಕೋ ಮುಂಚೆ ಸರ್ ಓದಲ್ವಾ?’

‘ಇಪ್ಪತ್ತು ವರ್ಷದಿಂದ ಓದಿಲ್ವಂತೆ, ಮೇಡಂ.’

ಮೇಡಂ ಪೆನ್ನು ತೆಗೆದು ಕಪ್ಪೆಯ ಸಾಲನ್ನು ಹೊಡೆದುಹಾಕಿದರು.

‘ಮೇ ಐದಕ್ಕೆ ಬಂದು ಸೇರ್ಕೊ. ಜೂನಿಯರ್‌ಗೆ ಕೊಡೋವಾಗ ಈ ಸಾಲು ಬಿಟ್ಟು ಕೊಡು. ನಿಮ್ಮ ಸರ್ ಹತ್ರ ಓದೋವಾಗ ಈ ಪತ್ರನ ಮೊದ್ಲು ನಾನು ಬರೆದಾಗ್ಲೂ ಅದು ಸುಳ್ಳೇ. ಕಪ್ಪೆ ಮುಂದೆ ನನ್ನ ಕೈ ಗಡಗಡ ನಡುಗ್ತಿತ್ತು.’