ಓಣಿಯ ಕನಸು

ಆ ಊರಿನಲ್ಲಿ ಒಂದೊಂದು ಓಣಿಗೆ ಒಂದೊಂದೇ ಕನಸು. ಅಲ್ಲಿ ಮಲಗಿದವರೆಲ್ಲ ಅದರೊಳಗೇ ಇಳಿಯುತ್ತಿದ್ದರು. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮೃಣಾಲಿನಿಯ ಬಡಾವಣೆಯ ಕನಸಿನಲ್ಲಿ ತಾವರೆ ಕೆರೆಯಿತ್ತು, ದೋಣಿಯಿತ್ತು. ಕೂಲಿಕಾರರ ಓಣಿಯ ಕನಸು ಹೇಗಿರುತ್ತದೆಂದು ತಿಳಿಯಲು ಅವಳು ಒಂದು ಭಾನುವಾರ ಮಧ್ಯಾಹ್ನ ಗಾರೆ ಕೆಲಸದ ದ್ಯಾಮವ್ವನ ಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಬರೀ ನೋಡಬೇಕು, ಏನನ್ನೂ ಮುಟ್ಟಿದರೆ ಅಧ್ಯಯನ ಕೆಡುತ್ತದೆ ಎಂದು ಮಾರ್ಗದರ್ಶಕರು ಎಚ್ಚರಿಸಿದ್ದರು.

ಕಣ್ಣು ಮುಚ್ಚಿದೊಡನೆ ಹಾಲಿನಂಥ ಬೆಳಕಿನಲ್ಲಿ ಉದ್ದಾನುದ್ದದ ಪಾಳಿ ಕಂಡಿತು. ಓಣಿಯವರೆಲ್ಲ ಕೊಡ ಹಿಡಿದು ನಿಂತಿದ್ದರು. ನಲ್ಲಿ ಎಲ್ಲೋ ಮಂಜಿನಾಚೆಗಿತ್ತು.

"ನಿದ್ದಿಯೊಳಗೂ ಪಾಳೀನ ಏನ್ರಿ ದ್ಯಾಮವ್ವಾರ?"

"ಮತ್ತೇನ ತಂಗಿ! ಹುಟ್ಟಿದಾಗಿಂದ ಇಲ್ಲೇ ನಿಂತೀನಿ. ಬೆಳಗಾಗಿ ಎದ್ದರ ಮಲಗೇ ಇಲ್ಲೇನೋ ಅನ್ನಿಸ್ತೈತಿ. ಈ ಕೊಡ ಒಂಚೂರು ಹಿಡೀತೀಯೇನು? ಕಾಲು ಸೋತಾವ."

ಮೃಣಾಲಿನಿಗೆ ಮಾರ್ಗದರ್ಶಕರ ಎಚ್ಚರಿಕೆ ನೆನಪಾಯಿತು. ಆದರೂ ಕೈ ಚಾಚಿ ಕೊಡ ಹಿಡಿದಳು. ದ್ಯಾಮವ್ವ ಬೇವಿನ ನೆರಳಿಗೆ ಹೋಗಿ ಒರಗಿ, ಕನಸಿನೊಳಗೇ ನಿದ್ದೆಹೋದಳು. ಆ ನಿದ್ದೆಯೊಳಗೆ ಏನಿತ್ತೋ, ಅವಳ ತುಟಿಯ ಮೇಲೆ ಮೆಲ್ಲಗೆ ನಗು ಸುಳಿಯಿತು.

ಸಂಜೆ ಮಾರ್ಗದರ್ಶಕರ ಕರೆ ಬಂದು ಫೋನು ಸದ್ದಾದಾಗ ಮೃಣಾಲಿನಿ ಕೊಡವನ್ನು ಹಿಂದೆ ನಿಂತವಳ ಕೈಗಿತ್ತು ಎಚ್ಚರಗೊಂಡಳು. ಪಕ್ಕದಲ್ಲಿ ದ್ಯಾಮವ್ವ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಮೃಣಾಲಿನಿ ಹೊರಗೆ ಬಂದು ಪಿಸುದನಿಯಲ್ಲಿ ಮಾರ್ಗದರ್ಶಕರಿಗೆ ನಡೆದದ್ದನ್ನು ಹೇಳಿದಳು.

"ಹಂಗಾದರ ಇದು ಅಧ್ಯಯನ ಆಗೂದಿಲ್ಲ" ಎಂದರು ಅವರು.

"ಆಗದಿದ್ದರ ಇರಲಿ ಸರ್. ನಾಳೆನೂ ನಾನ ಪಾಳಿಯೊಳಗ ನಿಂದರತೀನಿ."