ಸಾಹುಕಾರ್ರ ಎಡಗೈ

ಸೀರೆ ಅಂಗಡಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತೇ ಸೀರೆ ಬಿಚ್ಚಿ ತೋರಿಸಿದ ಹಾಲಮ್ಮನ ಕಾಲುಗಳಲ್ಲಿ ನರಗಳು ಉಬ್ಬಿ ಹಗ್ಗದಂತೆ ಗಂಟುಗಟ್ಟಿದ್ದವು. ದಾವಣಗೆರೆಯ ಡಾಕ್ಟರು ಮೂರು ದಾರಿ ಹೇಳಿದರು.

“ಲೇಸರ್ ಆದ್ರ ಒಂದು ವಾರ ರಜೆ ಹಾಕ್ರಿ. ಇಂಜೆಕ್ಷನ್ ಆದ್ರ ಮತ್ತೆ ಉಬ್ಬಬಹುದು. ಇಲ್ಲಾಂದ್ರ ವರ್ಗಾವಣೆ. ಯಾರ ಸಲುವಾಗಿ ನಿಂತಿದ್ರೋ ಅವರ ಮೈಗೆ ಈ ಗಂಟು ಹೋಗ್ತಾವು. ಇವತ್ತೇ ಮುಗೀತೈತಿ.”

ಹಾಲಮ್ಮನಿಗೆ ರಜೆ ಸಿಗುವಂತಿರಲಿಲ್ಲ. “ವರ್ಗಾವಣೆನೇ ಮಾಡಿಬಿಡ್ರಿ. ನಮ್ಮ ಅಂಗಡಿ ಮುರಿಗೆಪ್ಪ ಸಾಹುಕಾರ್ರಿಗೆ.”

ಡಾಕ್ಟರು ಕಂಪ್ಯೂಟರ್ ನೋಡಿದರು. “ಅವರ ಎರಡೂ ಕಾಲು ತುಂಬಿದಾವಲ್ರೀ. ನಿಮ್ಮ ಅಂಗಡಿಯೋರೇ ಆರು ಮಂದಿ ಹಾಕಿ ಹೋಗ್ಯಾರ. ಎಡಗೈ ಖಾಲಿ ಐತಿ, ನಡೀತೈತೇನು?”

“ಎಡಗೈಲಿ ಅವರು ಏನೂ ಮಾಡಂಗಿಲ್ಲ ಬಿಡ್ರಿ,” ಎಂದು ಹಾಲಮ್ಮ ಸಹಿ ಹಾಕಿದಳು.

ಮರುದಿನ ಅಂಗಡಿಗೆ ಹೋದರೆ ಕೌಂಟರಿನ ಹಿಂದೆ ಹೊಸ ಸ್ಟೂಲ್ ಇತ್ತು. ಗಿರಾಕಿಯ ಮುಂದೆ ಕೂರುವುದು ಮರ್ಯಾದೆಯಲ್ಲ ಎಂದು ಇಷ್ಟು ವರ್ಷ ಒಂದು ಸ್ಟೂಲನ್ನೂ ಒಳಗೆ ಬಿಡದಿದ್ದ ಸಾಹುಕಾರ್ರು ಗಾದಿಯ ಮೇಲೆ ಕಾಲು ಚಾಚಿ, ಊದಿದ ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು.

“ಇನ್ಮ್ಯಾಲೆ ಕುಂತೇ ತೋರಿಸವ್ವ,” ಎಂದರು.

ಹಾಲಮ್ಮ ಕೂತಳು. ಅಷ್ಟರಲ್ಲಿ ಮದುವೆ ಜವಳಿಗೆಂದು ಹದಿನೈದು ಮಂದಿ ಹೆಂಗಸರು ಒಟ್ಟಿಗೇ ಒಳಗೆ ಬಂದರು. “ಬರ್ರೀ ಅಕ್ಕಾರ,” ಎನ್ನುತ್ತ ಅವಳು ರೂಢಿಯಂತೆ ಎದ್ದು ನಿಂತಳು.

ಸಾಹುಕಾರ್ರು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.